ಮ. ಎಂದರೆ ಮಗ್ಗವಲ್ಲ

ನಮ್ಮ ಊರಿನ ಕಸುಬುಗಳ ಚರಿತ್ರೆಯನ್ನು ಕುರಿತು ಎರಡು ಮಾತು ಬರೆಯಬೇಕೆಂದು ಹೊರಟವರು, ದೊಡ್ಡ ಪ್ರಾಧ್ಯಾಪಕರೇ ಆಗಿರಲಿ, ಶಾಲೆಗೆ ಪ್ರಬಂಧ ಒಪ್ಪಿಸಬೇಕಾದ ಹುಡುಗಿಯೇ ಆಗಿರಲಿ, ಕೊನೆಗೆ ಬಂದು ನಿಲ್ಲುವುದು ಪುರಸಭೆಯ ಹಿಂಬದಿಯಲ್ಲಿರುವ ದಾಖಲೆ ಕೊಠಡಿಯ ಬಾಗಿಲಲ್ಲಿ. ಆ ಬಾಗಿಲ ಒಳಗೆ, ಏಣಿಯ ಪಕ್ಕದ ಮೇಜಿನ ಹಿಂದೆ, ಮೂವತ್ತಾರು ವರ್ಷ ಕುಳಿತಿದ್ದ ದಾಖಲೆ ಪಾಲಕಿಯವರನ್ನು ಕಚೇರಿಯ ಕಾಗದಗಳು ಏನೆಂದು ಕರೆದರೂ ಊರು ಕರೆದದ್ದು ‘ಪಟ್ಟಿ ಅಕ್ಕ’ ಎಂದೇ. ಯಾವ ಕಾರ್ಖಾನೆಯಲ್ಲಿ ಯಾವ ವರ್ಷ ಎಷ್ಟು ಮಂದಿ ದುಡಿದರು, ಅವರಲ್ಲಿ ಗಂಡಸರೆಷ್ಟು ಹೆಂಗಸರೆಷ್ಟು, ಯಾವ ಕಸುಬು ಮುಚ್ಚಿದಾಗ ಅಲ್ಲಿಯ ಕೈಗಳು ಯಾವ ಕಸುಬಿಗೆ ಹೋದವು ಎಂಬುದನ್ನೆಲ್ಲ ಗೆರೆ ಎಳೆದು, ಖಾನೆ ಮಾಡಿ, ಪಟ್ಟಿಗಿಳಿಸಿದವರು ಅವರು. ಅವರ ನಿವೃತ್ತಿಯ ಸಂದರ್ಭದಲ್ಲಿ ಈ ಅಭಿನಂದನ ಸಂಪುಟ ಹೊರಬರುತ್ತಿರುವುದು ನಮಗೆಲ್ಲ ಹಿಗ್ಗು, ಅವರೊಬ್ಬರಿಗೆ ಮುಜುಗರ.

ಆ ಮುಜುಗರ ಬರಿಯ ವಿನಯದ್ದಲ್ಲವೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಲೇಖನದ ಮೊದಲ ಕರಡಿನಲ್ಲಿ ‘ಮೂವತ್ತಾರು ವರ್ಷಗಳಲ್ಲಿ ಒಂದಕ್ಷರವೂ ತಪ್ಪದ’ ಎಂಬ ವಿಶೇಷಣವಿತ್ತು. ಕರಡನ್ನು ನೋಡಲು ಕೊಟ್ಟಾಗ ಅಕ್ಕ ಬೇರೇನನ್ನೂ ಮುಟ್ಟದೆ, ಆ ನಾಲ್ಕು ಪದಗಳ ಮೇಲೆ ಮಾತ್ರ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ನಿಜವಲ್ಲ. ಆದದ್ದನ್ನು ಬರೆ’ ಎಂದು ಬರೆದು ಹಿಂತಿರುಗಿಸಿದರು. ಅಭಿನಂದನ ಗ್ರಂಥದಲ್ಲಿ ಅಭಿನಂದಿತರ ತಪ್ಪನ್ನು ವಿವರಿಸುವ ಸಂಪ್ರದಾಯ ಎಲ್ಲಿಯೂ ಇದ್ದಂತಿಲ್ಲ. ಆದರೆ ಅಕ್ಕನ ಮಾತು ಮೀರುವ ಅಭ್ಯಾಸವೂ ಈ ಕಚೇರಿಯಲ್ಲಿ ಯಾರಿಗೂ ಇಲ್ಲವಾದ್ದರಿಂದ ಆದದ್ದನ್ನೇ ಬರೆಯಲಾಗಿದೆ.

ಅಕ್ಕ ಹುಟ್ಟಿದ್ದು ನೇಯ್ಗೆ ಕಾರ್ಖಾನೆಯ ಹಿಂದಿನ ಓಣಿಯಲ್ಲಿ. ಅಪ್ಪ ಅದೇ ಕಾರ್ಖಾನೆಯ ಬಡಗಿ, ಬೇಗ ತೀರಿಕೊಂಡರು. ಅಮ್ಮ ಅಲ್ಲೇ ನೂಲು ಸುತ್ತುವ ವಿಭಾಗದಲ್ಲಿದ್ದವರು. ಬೆಳಗಿನ ಸೈರನ್ನಿಗೆ ಎದ್ದು, ಮಧ್ಯಾಹ್ನದ ಸೈರನ್ನಿಗೆ ಉಂಡು, ಸಂಜೆಯ ಸೈರನ್ನಿಗೆ ಓದಲು ಕೂತು ಬೆಳೆದ ಹುಡುಗಿಗೆ ಹೊತ್ತಿನ ಮೇಲೆ ಹಿಡಿತ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಸೈರನ್ನು ನಿಂತಿತು, ಹುಡುಗಿಯ ಶಿಸ್ತು ನಿಲ್ಲಲಿಲ್ಲ. ಔಷಧಿ ಅಂಗಡಿಯ ಮಹಡಿಯ ಮೇಲೆ ನಡೆಯುತ್ತಿದ್ದ ತರಗತಿಯಲ್ಲಿ ಬೆರಳಚ್ಚು ಕಲಿತು, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಪುರಸಭೆಗೆ ಟೈಪಿಸ್ಟ್ ಆಗಿ ಬಂದರು.

ಅವರು ಬಂದಾಗ ದಾಖಲೆ ಕೊಠಡಿ ಎಂಬುದು ಹೆಸರಿಗಷ್ಟೇ ಇತ್ತು. ಮುರಿದ ಕುರ್ಚಿ, ತುಕ್ಕು ಹಿಡಿದ ತಕ್ಕಡಿ, ಚುನಾವಣೆಯ ಹಳೆಯ ಪೆಟ್ಟಿಗೆಗಳ ನಡುವೆ ರಿಜಿಸ್ಟರುಗಳು ಗೆದ್ದಲಿಗೆ ಊಟವಾಗುತ್ತಿದ್ದವು. ಕೈಗೆ ಕೆಲಸ ಕಡಿಮೆಯಿದ್ದ ದಿನಗಳಲ್ಲಿ ಹೊಸ ಟೈಪಿಸ್ಟ್ ಅವನ್ನು ಒಂದೊಂದಾಗಿ ಹೊರತಂದು ಮೊಗಸಾಲೆಯ ಬಿಸಿಲಲ್ಲಿ ಬಿಡಿಸಿಟ್ಟು ಒಣಗಿಸತೊಡಗಿದರು. “ಏನಮ್ಮಾ, ಕಚೇರೀನ ಬಟ್ಟೆ ಒಗೆಯೋ ಕಟ್ಟೆ ಮಾಡ್ಬಿಟ್ಯಲ್ಲ” ಎಂದು ಹೆಡ್ ಗುಮಾಸ್ತರು ರೇಗಿಸಿದರಂತೆ. “ಒಗೆಯೋಲ್ಲ ಸಾರ್, ಬರೀ ಒಣಗಿಸ್ತೀನಿ” ಎಂದರಂತೆ ಇವರು. ಎರಡು ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ರಿಜಿಸ್ಟರುಗಳು ಬೀರು ಸೇರಿದವು. ಯಾರೂ ಹೇಳದ ಈ ಕೆಲಸವನ್ನು ಯಾರೂ ಬೇಡವೆನ್ನಲೂ ಇಲ್ಲ. ಕಚೇರಿಗಳಲ್ಲಿ ಒಳ್ಳೆಯ ಕೆಲಸಗಳು ಬಹಳಷ್ಟು ಹೀಗೆಯೇ ಆಗುತ್ತವೆ.

ಆ ಹೊತ್ತಿಗೆ ಸರಿಯಾಗಿ ಪ್ರೌಢಶಾಲೆಯ ಚರಿತ್ರೆಯ ಮೇಷ್ಟ್ರು ಊರಿನ ಕಸುಬುಗಳ ಬಗ್ಗೆ ಪುಸ್ತಕ ಬರೆಯಲು ಕೂತರು. ಕೊಠಡಿಯಲ್ಲಿ ಸಿಕ್ಕ ರಿಜಿಸ್ಟರುಗಳಿಂದ ಅಂಕಿ ಅಂಶ ಬರೆದುಕೊಳ್ಳುವುದು ಅವರ ಕೆಲಸ, ಅದನ್ನು ಅಚ್ಚುಕಟ್ಟಾಗಿ ಟೈಪ್ ಮಾಡಿಕೊಡುವುದು ಇವರ ಕೆಲಸ. ಮೇಷ್ಟ್ರ ಒಂದೇ ಸೂಚನೆ: “ಕುಗ್ಗಿಸಿ ಬರೆದ ಪದ ಬಂದ ಕಡೆಯೆಲ್ಲ ಬಿಡಿಸಿ ಪೂರ್ತಿ ಟೈಪ್ ಮಾಡಮ್ಮ. ಓದೋರು ಎಡವಬಾರದು.” ಇಪ್ಪತ್ತಾರರ ಹುಡುಗಿ ಮನಸ್ಸಿಟ್ಟು ಬಿಡಿಸಿದಳು. ಪುಸ್ತಕ ಬಂತು, ಹೆಸರಾಯಿತು, ಮೂರು ಸಲ ಮರುಮುದ್ರಣವಾಯಿತು. ಮುನ್ನುಡಿಯ ಕೊನೆಯಲ್ಲಿ ಮೇಷ್ಟ್ರು ಇವರಿಗೂ ಒಂದು ಸಾಲಿನ ಕೃತಜ್ಞತೆ ಹೇಳಿದ್ದರು. ಓದು ಬಾರದ ಅಮ್ಮ ಆ ಪುಸ್ತಕವನ್ನು ಕಿಟಕಿಯ ಪಕ್ಕದ ಹಲಗೆಯ ಮೇಲಿಟ್ಟು, ಮೂವತ್ತನಾಲ್ಕು ವರ್ಷ ತಪ್ಪದೆ ಧೂಳು ಒರೆಸುತ್ತ ಬಂದರು.

ಅಲ್ಲಿಂದಾಚೆಗೆ ಅಕ್ಕನ ಕೈ ಹಿಡಿದದ್ದು ಪಟ್ಟಿಗಳು. ಹಂಚಿನ ಭಟ್ಟಿ, ಚರ್ಮ ಹದ ಮಾಡುವ ಅಂಗಳ, ಬೆಂಕಿಪೆಟ್ಟಿಗೆ ಕಾರ್ಖಾನೆ, ಹಗ್ಗ ಹೊಸೆಯುವ ಬಯಲು, ಅಚ್ಚುಕೂಟ, ಹೊಲಿಗೆ ಮನೆ, ಇವೆಲ್ಲ ಒಂದೊಂದಾಗಿ ಮುಚ್ಚುತ್ತಿದ್ದ ಕಾಲವದು. ಕೆಲಸವಿದ್ದಾಗ ಯಾರಿಗೂ ಬೇಡವಾಗಿದ್ದ ಕಾಗದಗಳನ್ನು ಕೆಲಸ ಹೋದ ಮೇಲೆ ಊರೇ ಹುಡುಕಿಕೊಂಡು ಬಂತು. ಎಲ್ಲೋ ಹುಟ್ಟಿದ್ದಕ್ಕೆ ಪುರಾವೆ, ಎಲ್ಲೋ ದುಡಿದದ್ದಕ್ಕೆ ಪುರಾವೆ. ಚರ್ಮದ ಅಂಗಳದಲ್ಲಿ ಇಪ್ಪತ್ತು ವರ್ಷ ಸುಣ್ಣದ ಗುಂಡಿಯ ಬಳಿ ನಿಂತು ಎದೆಗೂಡು ಕೆಡಿಸಿಕೊಂಡಿದ್ದ ಮುದುಕರೊಬ್ಬರನ್ನು, ಅಲ್ಲಿ ದುಡಿದಿದ್ದಕ್ಕೆ ದಾಖಲೆಯಿಲ್ಲವೆಂದು ಕಾರ್ಮಿಕರ ಆಸ್ಪತ್ರೆ ಸೇರಿಸಿಕೊಂಡಿರಲಿಲ್ಲ. ಅಂಗಳದ ಕಾಗದಗಳೆಲ್ಲ ಸುಟ್ಟುಹೋಗಿ ಎಷ್ಟೋ ಕಾಲವಾಗಿತ್ತು. ಅಕ್ಕ ಆರು ದಿನ ಹುಡುಕಿ, ಎಂದೋ ಸಾಂಕ್ರಾಮಿಕ ಬಂದಾಗ ಅಂಗಳದ ಗೇಟಿನಲ್ಲಿ ಸೂಜಿ ಚುಚ್ಚಿಸಿಕೊಂಡವರ ಪಟ್ಟಿಯಲ್ಲಿ ಅವರ ಹೆಸರು ಹಿಡಿದರು. ಹೆಸರಿನ ಮುಂದೆ ‘ಓಡಿಹೋಗಲು ಯತ್ನಿಸಿದ’ ಎಂದು ಬರೆದಿತ್ತು. “ಓಡಿದ್ದು ಒಳ್ಳೇದೇ ಆಯ್ತು ನೋಡಿ, ನೆನಪಿಟ್ಟು ಬರ್ಕೊಂಡಿದ್ದಾರೆ” ಎಂದು ಅಕ್ಕ ನಕ್ಕಾಗ ಆ ಮುದುಕರೂ ಕೆಮ್ಮುತ್ತಲೇ ನಕ್ಕರು. ಹಾಸಿಗೆ ಸಿಕ್ಕಿತು, ಮತ್ತೆ ಒಂಬತ್ತು ವರ್ಷ ಬದುಕಿದರು.

ಈ ಸಾಲುಗಳನ್ನು ಬರೆಯುತ್ತಿರುವವಳು ಕೆಲಸಕ್ಕೆ ಸೇರಿದ ಮೊದಲ ವಾರವೇ ಮಸುಕಾದ ಒಂದು ಅಕ್ಷರವನ್ನು ಅಂದಾಜಿನ ಮೇಲೆ ಓದಿ ಯಾರದೋ ಅಜ್ಜನನ್ನು ಇನ್ನಾರಿಗೋ ಅಜ್ಜನನ್ನಾಗಿ ಮಾಡಿಬಿಟ್ಟಿದ್ದಳು. ದೂರು ಬಂದಾಗ ಅಕ್ಕ ಮೇಲಿನವರಿಗೆ “ನಮ್ಮ ಕೊಠಡಿಯ ತಪ್ಪು” ಎಂದಷ್ಟೇ ಹೇಳಿ, ಹೆಸರೆತ್ತದೆ ಮುಗಿಸಿದರು. ಆಮೇಲೆ ಎದುರು ಕೂರಿಸಿಕೊಂಡು, ಒಂದು ಚೀಟಿಯ ಮೇಲೆ ‘ಗೊತ್ತಿಲ್ಲದಿದ್ದರೆ ಬಿಡು, ತುಂಬಬೇಡ’ ಎಂದು ಬರೆದು ಮೇಜಿನ ಗಾಜಿನ ಕೆಳಗೆ ಸರಿಸಿದರು. ಬೈಗುಳವೇನೂ ಇರಲಿಲ್ಲ. ಬೈದಿದ್ದರೆ ಅಂದೇ ಮರೆತುಹೋಗುತ್ತಿತ್ತೇನೋ. ಆ ಚೀಟಿ ಇವತ್ತಿಗೂ ಅಲ್ಲೇ ಇದೆ.

ಇನ್ನು ಆದದ್ದಕ್ಕೆ ಬರೋಣ. ಹೋದ ವರ್ಷ ಪುರಸಭೆ ಹಳೆಯ ನೇಯ್ಗೆ ಕಾರ್ಖಾನೆಯ ಶೆಡ್ಡನ್ನು ದುರಸ್ತಿ ಮಾಡಿಸಿ ಊರಿನ ಕಸುಬುಗಳ ಸಂಗ್ರಹಾಲಯ ಮಾಡಲು ನಿಶ್ಚಯಿಸಿತು. ಗೇಟಿನ ಬಳಿ ಒಂದು ಕಲ್ಲು. ಅದರ ಮೇಲೆ ಅರವತ್ತೈದು ವರ್ಷದ ಹಿಂದೆ ಊರಿನ ನಾಲ್ಕು ದೊಡ್ಡ ಕಸುಬುಗಳಲ್ಲಿ ನಡೆದ ಎಣಿಕೆಯ ಅಂಕಿಗಳು. ಅಂಕಿಗಳು ಮೇಷ್ಟ್ರ ಪುಸ್ತಕದವು. ಉದ್ಘಾಟನೆಯ ದಿನವೇ ಅಕ್ಕನಿಗೆ ಸನ್ಮಾನ, ಅದೇ ವಾರ ನಿವೃತ್ತಿ. ಕೆತ್ತಿದ ಕಲ್ಲಿನ ಒಕ್ಕಣೆಯ ಪ್ರತಿಯನ್ನು ಮಾಹಿತಿಗೆಂದು ಕಳಿಸಿದ್ದರು. ಅಕ್ಕ ಅದನ್ನು ಮನೆಗೆ ಒಯ್ದು, ಕಣ್ಣು ಮಂಜಾಗಿರುವ ಅಮ್ಮನಿಗೆ ಕೇಳಿಸಲೆಂದು ಗಟ್ಟಿಯಾಗಿ ಓದಿದರು. ಎಂಬತ್ತನಾಲ್ಕರ ಆ ಅಮ್ಮ ಎಲ್ಲಿ ದಾರ ಸಿಕ್ಕರೂ ಉಂಡೆ ಸುತ್ತುವವರು. ಆಗಲೂ ಪೊಟ್ಟಣದ ದಾರ ಸುತ್ತುತ್ತ ಕೂತಿದ್ದರು.

“ನೇಯ್ಗೆ: ಗಂಡಸರು ಆರುನೂರ ಮೂವತ್ತೆಂಟು, ಮಗ್ಗ ನಾನೂರ ಹನ್ನೆರಡು.”

ಅಮ್ಮನ ಕೈ ನಿಂತಿತು. “ಎಷ್ಟು ಮಗ್ಗ ಅಂದೆ?”

“ನಾನೂರ ಹನ್ನೆರಡು.”

“ನಮ್ಮ ಶೆಡ್ಡಿನಲ್ಲಾ? ಹನ್ನೆರಡು ಸಾಲು, ಸಾಲಿಗೆ ಹದಿನೈದು. ನೂರ ಎಂಬತ್ತರ ಮೇಲೆ ಒಂದು ಮಗ್ಗ ಇರಲಿಲ್ಲ. ಮಿಕ್ಕಿದ್ದನ್ನ ಎಲ್ಲಿಡ್ತಿದ್ರು, ಛಾವಣಿ ಮೇಲಾ?”

“ರಿಜಿಸ್ಟರಿನಲ್ಲಿ ಹಾಗಿದೆಯಮ್ಮ.”

“ನಾನೂರ ಹನ್ನೆರಡು ನನ್ನ ಬಿಲ್ಲೆ ನಂಬರು ಕಣೇ. ಹೆಂಗಸರದ್ದೇ ಬೇರೆ ಬಿಲ್ಲೆ, ಒಂದರಿಂದ ಶುರು. ಬಿಟ್ಟುಹೋದೋರ ಬಿಲ್ಲೆ ಹೊಸಬರಿಗೆ ಕೊಡೋರು. ಎಣಿಸೋಕೆ ಬಂದಿದ್ರಲ್ಲ, ಆ ವರ್ಷ ಎಲ್ಲರಿಗಿಂತ ಕೊನೇಗೆ ಸೇರಿದವಳು ನಾನು. ಸಾಲಿನ ತುದೀಲಿ ನಿಂತಿದ್ದೆ. ಕನ್ನಡಕದ ಗುಮಾಸ್ತ ನನ್ನ ಬಿಲ್ಲೆ ನೋಡಿ ಬರ್ಕೊಂಡು ಪುಸ್ತಕ ಮುಚ್ಚಿದ.”

ಗುಂಡಿಗಳ ಡಬ್ಬಿಯಿಂದ ಹಿತ್ತಾಳೆಯ ಬಿಲ್ಲೆ ಹೊರಬಂತು. ಸವೆದಿತ್ತು, ಆದರೆ ಅಂಕಿ ಓದಲು ಬರುತ್ತಿತ್ತು. ಅಮ್ಮ ಅದನ್ನು ಮಗಳ ಅಂಗೈಯಲ್ಲಿಟ್ಟು, “ಹಾಗಾದ್ರೆ ನಾನೂರ ಹನ್ನೆರಡನೇ ಮಗ್ಗ ನಾನೇ ಆಯ್ತಲ್ಲ” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಕ್ಕನಿಗೆ ನಗು ಬರಲಿಲ್ಲ.

ಮರುದಿನ ಬೆಳಗ್ಗೆ ಬೀರುವಿನಿಂದ ಆ ರಿಜಿಸ್ಟರು ಕೆಳಗಿಳಿಯಿತು. ಮೇಷ್ಟ್ರು ಬರೆದುಕೊಂಡ ಹಾಗೆಯೇ ಅದರಲ್ಲಿ ಇದ್ದದ್ದು ಎರಡು ಖಾನೆ: ‘ಗಂ.’ ಮತ್ತು ‘ಮ.’ ನಮ್ಮ ಕಚೇರಿಯ ಬೇರೆಲ್ಲ ರಿಜಿಸ್ಟರುಗಳಲ್ಲಿ ಹೆಂಗಸರಿಗೆ ‘ಹೆಂ.’ ಎಂದೇ ಬರೆಯುವ ರೂಢಿ. ಕನ್ನಡಕದ ಗುಮಾಸ್ತರು ಮಾತ್ರ ಮರ್ಯಾದಸ್ಥರು. ಅವರಿಗೆ ಹೆಂಗಸು ಎಂಬ ಪದ ಒರಟಾಗಿ ಕಂಡು ‘ಮಹಿಳೆ’ ಎಂದು ಮನಸ್ಸಿನಲ್ಲಿಟ್ಟುಕೊಂಡು ‘ಮ.’ ಎಂದು ಬರೆದಿದ್ದರು. ಇಪ್ಪತ್ತಾರರ ಟೈಪಿಸ್ಟ್ ‘ಹೆಂ.’ ಹುಡುಕಿ, ಸಿಗದೆ, ಆ ವರ್ಷ ಹೆಂಗಸರನ್ನು ಎಣಿಸಿಲ್ಲವೆಂದು ತೀರ್ಮಾನಿಸಿದಳು. ಹಾಗಾದರೆ ‘ಮ.’ ಎಂದರೇನು? ನೇಯ್ಗೆಯಲ್ಲವೇ, ಮಗ್ಗವಿರಬೇಕು. ಕುಂಬಾರಿಕೆಯಲ್ಲಿ ಮಡಕೆ. ಬೆಂಕಿಪೆಟ್ಟಿಗೆ ಕಾರ್ಖಾನೆಯಲ್ಲಿ ಮರ. ಹೊಲಿಗೆಯನ್ನು ಮನೆಮನೆಯಲ್ಲಿ ಮಾಡುತ್ತಿದ್ದರಾದ್ದರಿಂದ ಮನೆ. ಪ್ರತಿ ಕಸುಬಿಗೂ ಅದರದೇ ಒಂದು ‘ಮ’ ಹೇಳಿ ಮಾಡಿಸಿದ ಹಾಗೆ ಸಿಕ್ಕಿತ್ತು. ಐವತ್ತನಾಲ್ಕು ಗಂಡಸರು ಸೇರಿ ತೊಂಬತ್ತಾರೇ ಮಡಕೆ ಮಾಡಿದರೇ ಎಂದು ಮೂವತ್ತನಾಲ್ಕು ವರ್ಷದಲ್ಲಿ ಒಬ್ಬ ವಿದ್ವಾಂಸರಾದರೂ ಕೇಳಬೇಡವೇ? ಯಾರೂ ಕೇಳಲಿಲ್ಲ. ‘ಆ ವರ್ಷ ಹೆಂಗಸರನ್ನು ಎಣಿಸಿದ ದಾಖಲೆ ಸಿಕ್ಕಿಲ್ಲ’ ಎಂಬ ಅಡಿಟಿಪ್ಪಣಿಯನ್ನು ಮಾತ್ರ ಎಲ್ಲರೂ ಉದ್ಧರಿಸಿದರು. ಅದನ್ನು ಸೇರಿಸಿದವರೂ ಅಕ್ಕನೇ.

ರಿಜಿಸ್ಟರಿನ ಕೊನೆಯ ಹಾಳೆ ತೇವಕ್ಕೆ ರಟ್ಟಿಗೆ ಅಂಟಿಕೊಂಡಿತ್ತು. ಅಕ್ಕ ಒದ್ದೆ ಹತ್ತಿಯಿಂದ ಅದನ್ನು ನೆನೆಸುತ್ತ ಎರಡು ದಿನ ಕೂತು ಬಿಡಿಸಿದರು. ಅಲ್ಲಿ ನಾಲ್ಕು ಕಸುಬುಗಳ ಮೊತ್ತವಿತ್ತು: ಗಂ. ೭೮೯, ಮ. ೮೪೮, ಒಟ್ಟು ಆಳು ೧೬೩೭. ಮಗ್ಗವನ್ನೂ ಮಡಕೆಯನ್ನೂ ಮನುಷ್ಯರೊಂದಿಗೆ ಕೂಡಿ ಒಟ್ಟು ಆಳು ಎಂದು ಯಾರೂ ಬರೆಯುವುದಿಲ್ಲ. ಗಂಡಸರು ದುಡಿದು ಕಟ್ಟಿದ ಊರು ಎಂದು ಭಾಷಣಗಳಲ್ಲಿ ಕೇಳಿ ಬೆಳೆದ ಊರಿನಲ್ಲಿ ಗಂಡಸರಿಗಿಂತ ಐವತ್ತೊಂಬತ್ತು ಮಂದಿ ಹೆಂಗಸರು ಹೆಚ್ಚಿಗೆ ದುಡಿಯುತ್ತಿದ್ದರು. ಆ ಹೆಂಗಸರನ್ನೆಲ್ಲ ಮರ ಮಾಡಿ, ಮನೆ ಮಾಡಿ, ಮಗ್ಗ ಮಾಡಿ ಇಟ್ಟದ್ದು ತನ್ನ ಹತ್ತು ಬೆರಳು ಎಂಬುದು ಅಕ್ಕನಿಗೆ ಅರಗಲಿಲ್ಲ. ಅದಕ್ಕಿಂತ ಹೆಚ್ಚು ಸಂಕಟವಾದದ್ದು ಬೇರೊಂದಕ್ಕೆ. ಗೊತ್ತಿದ್ದವರು ಒಂದೇ ಸೂರಿನಡಿ ಇದ್ದರು. ಒಂದು ದಿನವೂ ಕೇಳಿರಲಿಲ್ಲ.

ಮೊದಲು ಹೋದದ್ದು ಮೇಷ್ಟ್ರ ಮನೆಗೆ. ಎಂಬತ್ತೆಂಟರ ಮೇಷ್ಟ್ರು ರಿಜಿಸ್ಟರಿನ ಹಾಳೆಯನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. “ತಪ್ಪು ನಂದು ಅಂತ್ಲೇ ಹೇಳ್ಬಿಡಮ್ಮ. ಪುಸ್ತಕದ ಮೇಲೆ ಇರೋದು ನನ್ನ ಹೆಸರು, ಅಚ್ಚಿಗೆ ಮೊದಲು ನೋಡಿದ್ದೂ ನಾನೇ. ಇನ್ನು ಯಾರೇನು ಅಂದ್ರೂ ನನಗೆ ಕಿವಿ ಕೇಳಿಸೋಲ್ಲ. ನಿನಗಿನ್ನೂ ಕೇಳಿಸುತ್ತೆ” ಎಂದರು. ಹಾಗೆ ಹೇಳಬಲ್ಲ ಗುರುಗಳು ಸಿಗುವುದು ಅಪರೂಪ. ಅಕ್ಕ ಅವರ ಕಾಲು ಮುಟ್ಟಿ ಎದ್ದು ಬಂದರು, ಒಪ್ಪಲಿಲ್ಲ.

ಸಂಗ್ರಹಾಲಯದ ಸಮಿತಿ ಸೇರಿದಾಗ ಉದ್ಘಾಟನೆಗೆ ಹನ್ನೊಂದು ದಿನ ಉಳಿದಿತ್ತು. ಅಧ್ಯಕ್ಷರು ಒಳ್ಳೆಯ ಮನಸ್ಸಿನಿಂದಲೇ, “ಈಗ ಯಾಕೆ ಕೆದಕ್ತೀರಿ ಅಕ್ಕ. ಮುಂದಿನ ಮುದ್ರಣದಲ್ಲಿ ಸರಿ ಮಾಡೋಣ. ಹಳೇ ಕಾಲದ ತಪ್ಪು, ಮೇಷ್ಟ್ರದ್ದು ಅಂದ್ರೆ ಮುಗೀತು, ಅವರೂ ಒಪ್ಪಿದ್ದಾರೆ” ಎಂದರು. ಮೂವತ್ತಾರು ವರ್ಷದಲ್ಲಿ ಗಳಿಸಿದ್ದ ಹೆಸರೊಂದೇ ಅಕ್ಕನ ಆಸ್ತಿ. ಅದು ಆ ಮೇಜಿನ ಮೇಲಿತ್ತು. ಸುಮ್ಮನಿದ್ದಿದ್ದರೆ ಹಾಗೇ ಮನೆಗೆ ಒಯ್ಯಬಹುದಿತ್ತು. ಅವರು ನಿಂತುಕೊಂಡೇ ಹೇಳಿದರು:

“ಮೇಷ್ಟ್ರು ಬರೆದದ್ದು ‘ಮ’ ಅಂತ ಅಷ್ಟೇ. ಮುಂದಿನದನ್ನ ತುಂಬಿದ್ದು ನಾನು. ಎಂಟುನೂರ ನಲವತ್ತೆಂಟು ಜನ ಹೆಂಗಸರನ್ನ ಸಾಮಾನು ಮಾಡಿದೀನಿ. ಅದರಲ್ಲಿ ನನ್ನ ತಾಯಿಯೂ ಒಬ್ಬರು. ಕಲ್ಲು ಹಾಗೇ ನಿಲ್ಲಿಸೋದಾದ್ರೆ ಸನ್ಮಾನಕ್ಕೆ ನಾನು ಬರೋಲ್ಲ.”

ಸಮಿತಿಯ ಸದಸ್ಯರೊಬ್ಬರು, “ಹಾಗಾದ್ರೆ ನಿಮ್ಮ ಪಟ್ಟಿಗಳಲ್ಲಿ ಇನ್ನೆಷ್ಟು ಹೀಗಿವೆಯೋ” ಎಂದು ಗೊಣಗಿದರು. ಜೊತೆಗೆ ಹೋಗಿದ್ದ ದಾಖಲೆ ಕೊಠಡಿಯ ನಮಗೆ ಮುಖಕ್ಕೆ ಹೊಡೆದಂತಾಯಿತು. ಅಕ್ಕ ಶಾಂತವಾಗಿ, “ಅದನ್ನೇ ನೋಡ್ಬೇಕು. ನೋಡೋಕೆ ಇನ್ನು ಬೇಕಾದಷ್ಟು ಸಮಯ ಇದೆಯಲ್ಲ ನನಗೆ” ಎಂದರು. ಊರಿನಲ್ಲಿ ಕೆಲವು ದಿನ ಗುಸುಗುಸು ನಡೆಯಿತು. ಇವರ ಪಟ್ಟಿಗಳನ್ನು ನಂಬಿ ಬರೆದಿದ್ದ ಒಬ್ಬ ಪ್ರಾಧ್ಯಾಪಕರು ಖಾರವಾದ ಪತ್ರವನ್ನೂ ಬರೆದರು. ಅಕ್ಕ ಆ ಪತ್ರಕ್ಕೆ ಸ್ವೀಕೃತಿಯ ಮೊಹರು ಹಾಕಿ, ದಿನಾಂಕ ನಮೂದಿಸಿ, ರಿಜಿಸ್ಟರಿನ ಜೊತೆಯಲ್ಲೇ ಇರಿಸಿದರು.

ಹೊಸ ಕಲ್ಲಿಗೆ ಹೊತ್ತಿರಲಿಲ್ಲ. ಕಲ್ಲುಕುಟಿಗರು ಬಂದು, ಅಕ್ಷರಗಳ ಮೇಲೆ ಕೈಯಾಡಿಸಿ, “ನಾಲ್ಕೂ ಸಾಲಿನಲ್ಲಿ ತಪ್ಪಿದ ಪದದ ಮೊದಲನೇ ಅಕ್ಷರ ‘ಮ’ ಸರಿಯಾಗೇ ಇದೆಯಲ್ಲಮ್ಮ. ಅದನ್ನ ಬಿಟ್ಟು ಮುಂದಿನದನ್ನ ಕೆತ್ತಿ ತೆಗೀತೀನಿ, ಆ ಜಾಗದಲ್ಲಿ ‘ಹಿಳೆ’ ಸಣ್ಣಗೆ ಹೊಂದಿಸ್ತೀನಿ. ಆದ್ರೆ ಅಲ್ಲಿ ತಗ್ಗು ಬೀಳುತ್ತೆ. ಬೇಕಾದ್ರೆ ಇಡೀ ಮುಖ ಉಜ್ಜಿ ಮಟ್ಟ ಮಾಡ್ಬಹುದು” ಎಂದರು. ಅಕ್ಕ, “ಬೇಡ. ತಗ್ಗು ಇರಲಿ” ಎಂದರು.

ಉದ್ಘಾಟನೆಯ ದಿನ ಭಾಷಣಗಳೆಲ್ಲ ಮುಗಿದು ಜನ ಒಳಗೆ ಹೋದ ಮೇಲೆ ಅಕ್ಕ ಅಮ್ಮನ ಕೈ ಹಿಡಿದು ಕಲ್ಲಿನ ಬಳಿ ಕರೆತಂದರು. ಅಮ್ಮನಿಗೆ ಓದು ಬಾರದು, ಈಗ ಕಣ್ಣೂ ಸರಿಯಾಗಿ ಕಾಣದು. ಬೆರಳು ಮೊದಲ ಸಾಲಿನ ಮೇಲೆ ಸರಿಯುತ್ತ ಹೋಗಿ ಒಂದು ಕಡೆ ಇಳಿದು ನಿಂತಿತು.

“ಇಲ್ಲೇನೋ ತಗ್ಗಿದೆಯಲ್ಲೇ.”

“ಅದು ನಾನು ತಪ್ಪು ಬರೆದಿದ್ದ ಜಾಗ ಅಮ್ಮ. ಅದರ ಪಕ್ಕದಲ್ಲೇ ನಿನ್ನ ನಂಬರು.”

ಅಮ್ಮನ ಬೆರಳು ತಗ್ಗಿನಿಂದ ಹತ್ತಿ ಅಂಕಿಗಳ ಮೇಲೆ ಹೋಯಿತು: ನಾಲ್ಕು, ಒಂದು, ಎರಡು. ಬಿಲ್ಲೆಯ ಅಂಕಿಗಳು ಆ ಬೆರಳಿಗೆ ಅರವತ್ತೈದು ವರ್ಷದ ಪರಿಚಯ.

ನಿವೃತ್ತಿಯ ಮಾರನೆಯ ದಿನ ಬೆಳಗ್ಗೆ ಹತ್ತಕ್ಕೆ ಅಕ್ಕ ಮತ್ತೆ ಕೊಠಡಿಗೆ ಬಂದರು. ಹುದ್ದೆಯಿಲ್ಲ, ಹಾಜರಿಯಿಲ್ಲ, ತಾವೇ ಮಾಡಿದ ಪಟ್ಟಿಗಳನ್ನೆಲ್ಲ ಮೊದಲಿನಿಂದ ತಾಳೆ ನೋಡಲು ಒಂದು ಕುರ್ಚಿ ಸಾಕೆಂದು ಅರ್ಜಿ ಬರೆದುಕೊಟ್ಟಿದ್ದಾರೆ. ವಾರಕ್ಕೆರಡು ಮಧ್ಯಾಹ್ನ ಅಮ್ಮನನ್ನೂ, ಅಮ್ಮನ ಜೊತೆ ನೂಲು ಸುತ್ತುತ್ತಿದ್ದವರಲ್ಲಿ ಉಳಿದಿರುವ ಐವರನ್ನೂ ಕರೆತಂದು ಕೂರಿಸಿ, ರಿಜಿಸ್ಟರು ಓದಿ ಕೇಳಿಸುತ್ತಾರೆ. ಕೊಠಡಿಯಲ್ಲಿ ಈಗ ಮಾತೂ ನಗುವೂ ಬೇಕಾದಷ್ಟು. ಗಾಜಿನ ಕೆಳಗಿನ ಚೀಟಿಯಲ್ಲಿ ‘ಗೊತ್ತಿಲ್ಲದಿದ್ದರೆ ಬಿಡು, ತುಂಬಬೇಡ’ ಎಂಬುದರ ಮುಂದೆ ಅಕ್ಕ ಹೊಸದಾಗಿ ಒಂದು ಪದ ಸೇರಿಸಿದ್ದಾರೆ: ‘ಕೇಳು’.

ನಮ್ಮ ಅಕ್ಕನಿಗೆ ಆಯುಸ್ಸೂ ಆರೋಗ್ಯವೂ ಬೀರುಗಳಲ್ಲಿನ್ನೂ ಉಳಿದಿರುವ ರಿಜಿಸ್ಟರುಗಳಷ್ಟಿರಲಿ; ಅವುಗಳನ್ನು ಬಿಡಿಸಿ ಓದುವ ಕಣ್ಣಿನ ಬೆಳಕು ಮಾಸದಿರಲಿ. ಅಂದು ಕಲ್ಲಿನ ಮುಂದೆ ಮಗಳು ಕಣ್ಣೊರೆಸಿಕೊಂಡದ್ದು ಅಮ್ಮನಿಗೆ ಕಾಣಲಿಲ್ಲ, ಆದರೆ ಗೊತ್ತಾಯಿತು. ಅಮ್ಮ ಆಗ ಹೇಳಿದ ಮಾತಿಗಿಂತ ಒಳ್ಳೆಯ ಅಭಿನಂದನೆ ನಮ್ಮಲ್ಲಿ ಯಾರಿಗೂ ತೋಚಿಲ್ಲ:

“ಇರಲಿ ಬಿಡೇ. ತಗ್ಗಿದ್ದದ್ದಕ್ಕೆ ತಾನೇ ನಂಗೆ ನನ್ನ ನಂಬರು ಕೈಗೆ ಸಿಕ್ಕಿದ್ದು.”